ಹಳೆಯ ಬೈಕಿನ ಡಿಸ್ಕ್ ಬ್ರೇಕ್ ಪೈಪು: ದೋಷ ಹಿಡಿಯುವುದು, ಹೊಸದು ಮಾಡಿಸುವುದು

1999ರ ಸಿಬಿಝಡ್, 2001ರ ಪಲ್ಸರ್, 2003ರ ಕರಿಜ್ಮಾ. ಈ ವಯಸ್ಸಿನ ಗಾಡಿಗಳ ಮುಂದಿನ ಬ್ರೇಕ್ ಕೈಕೊಟ್ಟಾಗ ಮೊದಲು ಪ್ಯಾಡ್ ಬದಲಾಗುತ್ತದೆ, ಆಮೇಲೆ ಮಾಸ್ಟರ್ ಸಿಲಿಂಡರಿನ (ಲಿವರಿನ ಬಳಿ ಆಯಿಲನ್ನು ಒತ್ತುವ ಭಾಗ) ಕಿಟ್, ಅದಾದ ಮೇಲೆ ಕ್ಯಾಲಿಪರಿನ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಸೀಲು. ಇಪ್ಪತ್ತು ವರ್ಷ ಬಿಸಿಲು ತಿಂದ ರಬ್ಬರ್ ಪೈಪು ಮಾತ್ರ ಇದ್ದಲ್ಲೇ ಇರುತ್ತದೆ. ಹೊರಗೆ ಬಿರುಕಿಲ್ಲ, ಸೋರಿಕೆಯಿಲ್ಲ ಎಂದು ಯಾರೂ ಅದರ ಮೇಲೆ ಅನುಮಾನ ಪಡುವುದಿಲ್ಲ. ಜಪಾನಿ ತಯಾರಕರ ಕೈಪಿಡಿಗಳು ಬ್ರೇಕ್ ಪೈಪನ್ನು 4 ವರ್ಷಕ್ಕೊಮ್ಮೆ, ಬ್ರೇಕ್ ಆಯಿಲನ್ನು 2 ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತವೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ರಾಯಚೂರು, ಬಳ್ಳಾರಿಯಲ್ಲಿ ಆ ಅವಧಿಯನ್ನು ಹಿಗ್ಗಿಸಲು ಯಾವ ಕಾರಣವೂ ಇಲ್ಲ.

ಹಾಗೆಂದು ಪರೀಕ್ಷೆ ಮಾಡದೆ ಪೈಪು ಬದಲಿಸುವುದೂ ತಪ್ಪು. ಸ್ಟೀಲ್ ಹೆಣಿಗೆಯ ಹೊಸ ಪೈಪು ಹಾಕಿದ ಮೇಲೂ ಲಿವರ್ ಮೆತ್ತಗೇ ಇದೆ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಬೇರೆ ಕಡೆಯ ದೋಷ. ಮೊದಲು ದೋಷದ ಜಾಗ ಗೊತ್ತಾಗಬೇಕು.

ಲಿವರ್ ಹಿಂಡಿ ನೋಡುವುದು

ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಲಿವರನ್ನು ಒಂದೇ ಬಲದಲ್ಲಿ ಒಂದು ನಿಮಿಷ ಹಿಂಡಿ ಹಿಡಿಯಿರಿ. ಲಿವರ್ ನಿಧಾನವಾಗಿ ಹ್ಯಾಂಡಲಿನತ್ತ ಇಳಿಯುತ್ತಾ ಹೋದರೆ, ಎಲ್ಲಿಯೂ ಹಸಿ ಕಾಣದಿದ್ದರೆ, ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರ್ ಕಪ್ ಸವೆದು ಆಯಿಲ್ ಹಿಂದಕ್ಕೆ ನುಸುಳುತ್ತಿದೆ. ಪೈಪಿಗೂ ಇದಕ್ಕೂ ಸಂಬಂಧವಿಲ್ಲ.

ಲಿವರ್ ಮೆತ್ತಗಿದ್ದು, ನಾಲ್ಕೈದು ಸಲ ಪಟಪಟನೆ ಹಿಂಡಿದಾಗ ಗಟ್ಟಿಯಾದರೆ ಗಾಳಿ ಸೇರಿದೆ, ಇಲ್ಲವೇ ಡಿಸ್ಕ್ ಸೊಟ್ಟಗಾಗಿ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತಿದೆ. ಎಷ್ಟು ಹಿಂಡಿದರೂ ಅದೇ ಮೆತ್ತನೆ ಇದ್ದರೆ ಪೈಪು ಉಬ್ಬುತ್ತಿರಬಹುದು. ಒಬ್ಬರು ಲಿವರ್ ಹಿಂಡುವಾಗ ಇನ್ನೊಬ್ಬರು ಪೈಪಿನ ನಡುಭಾಗವನ್ನು ಎರಡು ಬೆರಳಲ್ಲಿ ಹಿಡಿದರೆ ಉಬ್ಬುವುದು ಕೈಗೆ ತಿಳಿಯುತ್ತದೆ. ವರ್ನಿಯರ್ ಇದ್ದರೆ ಅಳೆದೇ ನೋಡಿ. ಅದೇ ಹೊತ್ತಿಗೆ ಡಿಸ್ಕಿನ ಕಡೆಗೂ ಕಣ್ಣಿರಲಿ. ಹಿಂಡಿದಾಗ ಡಿಸ್ಕ್ ಒಂದು ಬದಿಗೆ ಬಾಗಿದರೆ ಕ್ಯಾಲಿಪರ್ ಆಚೀಚೆ ಜಾರಲು ಇರುವ ಸ್ಲೈಡ್ ಪಿನ್ ತುಕ್ಕು ಹಿಡಿದು ಜಾಮ್ ಆಗಿದೆ. ಲಿವರಿನಲ್ಲಿ ಸಿಗುವ ಅನುಭವ ಉಬ್ಬುವ ಪೈಪಿನದೇ, ಆದರೆ ಪಿನ್ ಬಿಚ್ಚಿ ತಿಕ್ಕಿ, ಬ್ರೇಕಿಗೆಂದೇ ಮಾಡಿದ ಸಿಲಿಕೋನ್ ಗ್ರೀಸ್ ಸವರಿದರೆ ಸರಿಹೋಗುತ್ತದೆ.

ಇನ್ನೂ ಖಾತ್ರಿ ಬೇಕೆಂದರೆ ಮಾಸ್ಟರ್ ಸಿಲಿಂಡರನ್ನು ಒಂಟಿಯಾಗಿ ಪರೀಕ್ಷಿಸಬಹುದು. ಪೈಪನ್ನು ಮೇಲ್ತುದಿಯಲ್ಲಿ ಬಿಚ್ಚಿ, ಅದೇ ಥ್ರೆಡ್ಡಿನ, ನಡುವೆ ತೂತಿಲ್ಲದ ಗಿಡ್ಡ ಬೋಲ್ಟನ್ನು ಹೊಸ ತಾಮ್ರದ ವಾಷರಿನೊಂದಿಗೆ ಕೂರಿಸಿ. ಬೋಲ್ಟನ್ನು ಅರ್ಧ ಸುತ್ತು ಸಡಿಲ ಬಿಟ್ಟು ಲಿವರ್ ಹಿಂಡಿ ಗಾಳಿ ಹೊರಹಾಕಿ, ಹಿಂಡಿದಂತೆಯೇ ಬಿಗಿಮಾಡಿ. ಈಗ ಆರಂಭದ ಸ್ವಲ್ಪ ಆಟ ಮುಗಿದ ಕೂಡಲೇ ಲಿವರ್ ಕಲ್ಲಿನಂತೆ ನಿಲ್ಲಬೇಕು. ನಿಂತರೆ ದೋಷ ಕೆಳಗಡೆ ಇದೆ, ನಿಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನಲ್ಲೇ ಇದೆ. ಕೆಲವರು ಪೈಪನ್ನೇ ಇಕ್ಕಳದಲ್ಲಿ ಅಮುಕಿ ಇದೇ ಪರೀಕ್ಷೆ ಮಾಡುತ್ತಾರೆ. ಎಸೆಯಲಿರುವ ರಬ್ಬರ್ ಪೈಪಾದರೆ ನಡೆಯುತ್ತದೆ. ಸ್ಟೀಲ್ ಹೆಣಿಗೆಯ ಪೈಪನ್ನು ಯಾವತ್ತೂ ಅಮುಕಬೇಡಿ. ಒಳಗಿನ ಟೆಫ್ಲಾನ್ ಕೊಳವೆ ಒಮ್ಮೆ ಮಡಿಚಿದರೆ ಮೊದಲಿನ ದುಂಡಗೆ ಮರಳುವುದಿಲ್ಲ.

ಬ್ರೇಕ್ ಜಾಮ್ ಆದಾಗ: ಮೊದಲು ಮೇಲಿನ ಬೋಲ್ಟ್

ನಾಲ್ಕೈದು ಕಿಲೋಮೀಟರ್ ಓಡಿದ ಮೇಲೆ ಮುಂದಿನ ಚಕ್ರ ಬಿಗಿಯುತ್ತದೆ, ಡಿಸ್ಕ್ ಕೈ ಇಡಲಾರದಷ್ಟು ಕಾಯುತ್ತದೆ, ಅರ್ಧ ಗಂಟೆ ನಿಲ್ಲಿಸಿದರೆ ತಾನೇ ಬಿಡುತ್ತದೆ. ಇದಕ್ಕೆ ಮೂರು ಕಾರಣಗಳಿರಬಹುದು. ಕ್ಯಾಲಿಪರಿನ ಪಿಸ್ಟನ್ ತುಕ್ಕು ಹಿಡಿದಿರಬಹುದು. ಮಾಸ್ಟರ್ ಸಿಲಿಂಡರಿನಲ್ಲಿ ಆಯಿಲ್ ಡಬ್ಬಿಗೆ ಮರಳುವ ಸಣ್ಣ ರಂಧ್ರ ಕಟ್ಟಿರಬಹುದು. ಇಲ್ಲವೇ ಪೈಪಿನ ಒಳಪದರ ಕಳಚಿ ಕವಾಟದಂತೆ ಅಡ್ಡ ನಿಂತಿರಬಹುದು: ಲಿವರ್ ಹಿಂಡುವಾಗ ಕೈಬಲ ದೊಡ್ಡದು, ಆಯಿಲ್ ಅದನ್ನು ತಳ್ಳಿಕೊಂಡು ಕೆಳಗೆ ಹೋಗುತ್ತದೆ, ಬಿಟ್ಟಾಗ ಪಿಸ್ಟನ್ನಿನ ಸೀಲು ಹಿಂದಕ್ಕೆ ಎಳೆಯುವ ಬಲ ತೀರಾ ಸಣ್ಣದು, ಆಯಿಲ್ ಕೆಳಗೇ ಸಿಕ್ಕಿಕೊಳ್ಳುತ್ತದೆ.

ಈ ಮೂರನ್ನು ಬೇರ್ಪಡಿಸಲು ಎರಡು ಪಾನಾ, ಒಂದು ಬಟ್ಟೆ ಸಾಕು. ಆದರೆ ಕ್ರಮ ತಪ್ಪಬಾರದು. ಚಕ್ರ ಬಿಗಿದಿರುವಾಗಲೇ, ಪೆಟ್ರೋಲ್ ಟ್ಯಾಂಕಿನ ಮೇಲೆ ದಪ್ಪ ಬಟ್ಟೆ ಹೊದಿಸಿ, ಮೊದಲು ಮಾಸ್ಟರ್ ಸಿಲಿಂಡರಿನ ಬ್ಯಾಂಜೋ ಬೋಲ್ಟನ್ನು (ಪೈಪಿನ ತುದಿಯನ್ನು ಹಿಡಿದಿರುವ, ಒಳಗೆ ಆಯಿಲ್ ಹಾಯುವ ತೂತಿರುವ ಬೋಲ್ಟ್) ಕಾಲು ಸುತ್ತು ಸಡಿಲಿಸಿ. ಚಕ್ರ ಬಿಟ್ಟರೆ ಪೈಪು ಸರಿಯಿದೆ, ತಡೆ ಅದರ ಮೇಲೆ, ಮಾಸ್ಟರ್ ಸಿಲಿಂಡರಿನಲ್ಲಿದೆ. ಬಿಡದಿದ್ದರೆ ಆ ಬೋಲ್ಟ್ ಬಿಗಿಮಾಡಿ ಕ್ಯಾಲಿಪರಿನ ಬ್ಲೀಡ್ ನಿಪ್ಪಲ್ (ಗಾಳಿ, ಆಯಿಲ್ ಹೊರಬಿಡುವ ಸಣ್ಣ ತಿರುಪು) ತೆರೆಯಿರಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟರೆ ತಡೆ ಇವೆರಡರ ನಡುವೆ, ಅಂದರೆ ಪೈಪಿನಲ್ಲೇ ಇದೆ. ಆಗಲೂ ಬಿಡದಿದ್ದರೆ ಪಿಸ್ಟನ್ ಅಥವಾ ಸ್ಲೈಡ್ ಪಿನ್ ಜಾಮ್. ಹೆಚ್ಚಿನವರು ಆತುರದಲ್ಲಿ ನಿಪ್ಪಲನ್ನೇ ಮೊದಲು ತೆರೆಯುತ್ತಾರೆ. ಒತ್ತಡ ಇಳಿದುಹೋಗುತ್ತದೆ, ಪೈಪಿನದೋ ಮಾಸ್ಟರ್ ಸಿಲಿಂಡರಿನದೋ ತಿಳಿಯುವ ದಾರಿ ಅಲ್ಲಿಗೆ ಮುಚ್ಚುತ್ತದೆ. ಮತ್ತೆ ಗಾಡಿ ಓಡಿಸಿ ಜಾಮ್ ಆಗುವವರೆಗೆ ಕಾಯಬೇಕು.

ಮರಳುವ ರಂಧ್ರ ತೆರೆದಿದೆಯೇ ಎಂದು ನೋಡುವುದು ಸುಲಭ. ಡಬ್ಬಿಯ ಮುಚ್ಚಳ ತೆಗೆದು, ಲಿವರನ್ನು ಬಹಳ ಮೆಲ್ಲಗೆ ಎರಡು ಮೂರು ಮಿ.ಮೀ. ಒತ್ತಿದರೆ ಆಯಿಲಿನಲ್ಲಿ ಸಣ್ಣ ಚಿಲುಮೆ ಏಳಬೇಕು. ಏಳದಿದ್ದರೆ ರಂಧ್ರ ಕಟ್ಟಿದೆ, ಇಲ್ಲವೇ ಲಿವರಿಗೆ ಆಟವೇ ಇಲ್ಲದೆ ಪಿಸ್ಟನ್ ಪೂರ್ತಿ ಹಿಂದೆ ಸರಿಯುತ್ತಿಲ್ಲ. ಬೇರೆ ಮಾಡೆಲ್ಲಿನ ಲಿವರ್ ಹಾಕಿದ ಗಾಡಿಗಳಲ್ಲಿ ಎರಡನೆಯದು ಸಾಮಾನ್ಯ. ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದ ಗಾಡಿ ತಾನಾಗಿ ಬಿಗಿದು, ಸಂಜೆ ತಂಪಾದಾಗ ಬಿಡುವುದಕ್ಕೂ ಇದೇ ಕಾರಣ: ಕಾದು ಹಿಗ್ಗಿದ ಆಯಿಲಿಗೆ ಡಬ್ಬಿಗೆ ಮರಳುವ ದಾರಿಯಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಈ ಲಕ್ಷಣ ಕಂಡರೆ ಪೈಪಿಗೆ ದುಡ್ಡು ಹಾಕುವ ಮೊದಲು ರಂಧ್ರ ನೋಡಿ.

ಡಬ್ಬಿ ತೆರೆದಾಗ ಮುಚ್ಚಳದ ಕೆಳಗಿನ ರಬ್ಬರ್ ಹಾಳೆಯನ್ನೂ ನೋಡಿ. ಅದು ಹಿಗ್ಗಿ, ಸುಕ್ಕುಗಟ್ಟಿ, ಇದ್ದ ಜಾಗದಲ್ಲಿ ಕೂರದಂತಾಗಿದ್ದರೆ ಯಾರೋ ಎಂಜಿನ್ ಆಯಿಲನ್ನೋ ಹೈಡ್ರಾಲಿಕ್ ಆಯಿಲನ್ನೋ ಸುರಿದಿದ್ದಾರೆ. ಆಗ ಪೈಪು, ಕಪ್, ಸೀಲು, ಹಾಳೆ ಎಲ್ಲವೂ ಹೊಸದಾಗಬೇಕು. ಬಿಡಿಭಾಗಗಳನ್ನು ಪೆಟ್ರೋಲಿನಲ್ಲೋ ಡೀಸೆಲ್ಲಿನಲ್ಲೋ ತೊಳೆದರೂ ಸೀಲುಗಳು ಇದೇ ರೀತಿ ಹಿಗ್ಗುತ್ತವೆ. ತೊಳೆಯಲು ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸಿ, ಇಲ್ಲವೇ ಹೊಸ ಬ್ರೇಕ್ ಆಯಿಲನ್ನೇ ಬಳಸಿ.

ಸೋರಿಕೆ

ಸಂಡೂರು, ತೋರಣಗಲ್ಲು ಕಡೆ ಓಡಾಡುವ ಗಾಡಿಯಲ್ಲಿ ಸೋರಿಕೆ ಹುಡುಕಲು ಕೆಂಪು ಧೂಳೇ ನೆರವಾಗುತ್ತದೆ. ಒಣ ಜಾಗದ ಧೂಳು ಊದಿದರೆ ಹಾರುತ್ತದೆ, ಹಸಿಯಾದಲ್ಲಿ ಕಪ್ಪಾಗಿ ಅಂಟಿ ಕೂರುತ್ತದೆ. ಅಂಟಿದ್ದು ಬ್ಯಾಂಜೋ ಬೋಲ್ಟಿನ ಸುತ್ತವಾದರೆ ಬಹುತೇಕ ವಾಷರಿನ ತಪ್ಪು. ಪೈಪಿಗೂ ಲೋಹದ ತುದಿಗೂ ಕೂಡಿಸಿದ ಕಾಲರಿನ ಬಾಯಲ್ಲಾದರೆ ಪೈಪು ಮುಗಿದಿದೆ; ಅದಕ್ಕೆ ಅಂಟು, ಟೇಪು, ಕ್ಲಿಪ್ಪಿನ ರಿಪೇರಿ ಎಂಬುದಿಲ್ಲ.

ಒಂದು ಪೈಪಿಗೆ ತುದಿಗೆ ಎರಡರಂತೆ ವಾಷರ್ ಬೇಕು, ಬೋಲ್ಟ್ ಹಾಯುವ ಬಳೆಯಂಥ ತುದಿಯ, ಅಂದರೆ ಕಣ್ಣಿನ, ಎರಡೂ ಬದಿಗೆ ಒಂದೊಂದು. ಒಳಅಳತೆ 10 ಮಿ.ಮೀ. ಒಮ್ಮೆ ಬಿಗಿದ ವಾಷರ್ ಚಪ್ಪಟೆಯಾಗಿ ಗಟ್ಟಿಯಾಗಿರುತ್ತದೆ, ಎರಡನೇ ಸಲ ಅದು ಮುಖಕ್ಕೆ ಕಚ್ಚುವುದಿಲ್ಲ. ತಾಮ್ರದ ವಾಷರನ್ನು ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿ ಮತ್ತೆ ಬಳಸಬಹುದು ನಿಜ, ಆದರೆ ಹೊಸದರ ಬೆಲೆ ಅಷ್ಟು ಕಡಿಮೆಯಿರುವಾಗ ಆ ಶ್ರಮಕ್ಕೆ ಅರ್ಥವಿಲ್ಲ. ಕ್ಯಾಲಿಪರಿಗೆ ಬಣ್ಣ ಹೊಡೆಸಿದ್ದರೆ ವಾಷರ್ ಕೂರುವ ಮುಖದಲ್ಲಿ ಬಣ್ಣ ಉಳಿಯದಂತೆ ನೋಡಿ. ಬಣ್ಣದ ಪದರದ ಮೇಲೆ ಬಿಗಿದದ್ದು ಕೆಲವೇ ವಾರದಲ್ಲಿ ಸಡಿಲವಾಗುತ್ತದೆ.

ಥ್ರೆಡ್ಡಿನ ವಿಷಯದಲ್ಲಿ ಎರಡು ಸಲ ನೋಡಿ. ಜಪಾನಿ ಮೂಲದ ವ್ಯವಸ್ಥೆಗಳಲ್ಲಿ ಬ್ಯಾಂಜೋ ಬೋಲ್ಟ್ ಸಾಮಾನ್ಯವಾಗಿ ಎಂ10×1.25 (10 ಮಿ.ಮೀ. ದಪ್ಪ, ಹಲ್ಲಿಂದ ಹಲ್ಲಿಗೆ 1.25 ಮಿ.ಮೀ.); ಬ್ರೆಂಬೊ ಕಂಪನಿಯ, ಅದರದೇ ಬೈಬ್ರೆ ಬ್ರ್ಯಾಂಡಿನ ಕ್ಯಾಲಿಪರುಗಳಲ್ಲಿ ಸಾಮಾನ್ಯವಾಗಿ ಎಂ10×1.0. ಹಳೆಯ ಗಾಡಿಗೆ ಬೈಬ್ರೆ ಕ್ಯಾಲಿಪರ್ ಕೂರಿಸಿದವರಿಗೆ ಒಂದೇ ಪೈಪಿನ ಮೇಲ್ತುದಿಗೆ ಒಂದು ಬೋಲ್ಟ್, ಕೆಳತುದಿಗೆ ಇನ್ನೊಂದು ಬೇಕಾಗಬಹುದು. ಎರಡೂ ನೋಡಲು ಒಂದೇ ತರಹ. ಬೋಲ್ಟಿನ 8 ಹಲ್ಲಿನ ಉದ್ದ ಅಳೆಯಿರಿ: 10 ಮಿ.ಮೀ. ಬಂದರೆ 1.25, 8 ಮಿ.ಮೀ. ಬಂದರೆ 1.0. ಸರಿಯಾದ ಬೋಲ್ಟ್ ಕೊನೆಯವರೆಗೂ ಬೆರಳಿನಲ್ಲೇ ತಿರುಗಿ ಹೋಗುತ್ತದೆ. ಎರಡು ಮೂರು ಸುತ್ತಿಗೆ ಬಿಗಿಯಾದರೆ ಅಲ್ಲೇ ನಿಲ್ಲಿಸಿ. ಪಾನಾ ಹಾಕಿ ತಿರುಗಿಸಿದರೆ ಅಲ್ಯೂಮಿನಿಯಮ್ಮಿನ ಹಲ್ಲು ಕಿತ್ತು ಕ್ಯಾಲಿಪರೇ ಹೋಗುತ್ತದೆ. ಬೋಲ್ಟ್ ಉದ್ದವಾಗಿದ್ದರೆ ಇನ್ನೊಂದು ಮೋಸವಿದೆ: ತುದಿ ತಳಕ್ಕೆ ತಗುಲಿ ಪಾನಾಕ್ಕೆ ಬಿಗಿಯಾದಂತೆ ಅನಿಸುತ್ತದೆ, ವಾಷರ್ ಮಾತ್ರ ಒತ್ತಿರುವುದಿಲ್ಲ.

ಟ್ರ್ಯಾಕ್ಟರ್ ಪೈಪಿನ ಅಂಗಡಿಯಲ್ಲಿ ಮಾಡಿಸಬಹುದೇ?

ಗಂಗಾವತಿ, ಸಿಂಧನೂರು, ಬಳ್ಳಾರಿ, ಎಲ್ಲ ಕಡೆ ಜೆಸಿಬಿ, ಟಿಪ್ಪರ್, ಟ್ರ್ಯಾಕ್ಟರಿಗೆ ಹೈಡ್ರಾಲಿಕ್ ಪೈಪು ಕ್ರಿಂಪ್ ಮಾಡಿಕೊಡುವ, ಅಂದರೆ ಪೈಪಿಗೆ ಲೋಹದ ತುದಿ ಒತ್ತಿ ಕೂರಿಸುವ ಅಂಗಡಿಗಳಿವೆ. ಹಳೆಯ ಬೈಕಿನ ಪೈಪು ಸಿಗದಿದ್ದಾಗ ಅಲ್ಲಿಗೆ ಹೋಗುವುದು ಸಹಜ. ಅವರ ಪೈಪಿನ ಒತ್ತಡದ ತಾಕತ್ತಿನ ಬಗ್ಗೆ ಅನುಮಾನವಿಲ್ಲ. 12.7 ಮಿ.ಮೀ. ಬೋರಿನ ಮಾಸ್ಟರ್ ಸಿಲಿಂಡರಿನಲ್ಲಿ 20 ಕೆ.ಜಿ.ಯಷ್ಟು ಕೈಬಲ, 6 ಪಟ್ಟು ಲಿವರ್ ಅನುಪಾತ ಹಿಡಿದರೆ ಹುಟ್ಟುವ ಒತ್ತಡ ಸುಮಾರು 95 ಬಾರ್. ಹೈಡ್ರಾಲಿಕ್ ಪೈಪು ಅದಕ್ಕಿಂತ ಎಷ್ಟೋ ಹೆಚ್ಚು ತಡೆಯುತ್ತದೆ. ತೊಂದರೆ ರಬ್ಬರಿನದು. ಆ ಪೈಪುಗಳ ಒಳಕೊಳವೆ ಸಾಮಾನ್ಯವಾಗಿ ನೈಟ್ರೈಲ್ ರಬ್ಬರ್, ಖನಿಜ ತೈಲಕ್ಕೆ ಹೇಳಿ ಮಾಡಿಸಿದ್ದು. ಡಾಟ್ 3, ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಗ್ಲೈಕಾಲ್ ಮೂಲದ್ದು, ಅದರಲ್ಲಿ ನೈಟ್ರೈಲ್ ಉಬ್ಬಿ ಮೆತ್ತಗಾಗಿ ಪುಡಿ ಬಿಡುತ್ತದೆ. ಮೊದಲ ದಿನ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ಆಮೇಲೆ ಒಳಗೆ ಉಬ್ಬಿದ ರಬ್ಬರ್ ದಾರಿ ಮುಚ್ಚಿ, ಮೇಲೆ ಹೇಳಿದ ಜಾಮ್ ಶುರುವಾಗುತ್ತದೆ. ಬ್ರೇಕಿಗೆ ರಬ್ಬರ್ ಪೈಪಾದರೆ ಒಳಗೆ ಬ್ರೇಕ್ ಆಯಿಲ್ ತಡೆಯುವ ಇಪಿಡಿಎಂ ಎಂಬ ರಬ್ಬರ್ ಇರಬೇಕು, ಸ್ಟೀಲ್ ಹೆಣಿಗೆಯದಾದರೆ ಪಿಟಿಎಫ್‌ಇ, ಅಂದರೆ ಟೆಫ್ಲಾನ್ ಇರಬೇಕು.

ಆದ್ದರಿಂದ ಅಂಗಡಿಯಲ್ಲಿ ಮೊದಲು ಪೈಪಿನ ತುಂಡೊಂದನ್ನು ಅಡ್ಡ ಕತ್ತರಿಸಿ ತೋರಿಸಲು ಹೇಳಿ. ಟೆಫ್ಲಾನ್ ಬಿಳಿಯಾಗಿ, ಮೇಣದಂತೆ ಜಾರುತ್ತದೆ. ರಬ್ಬರ್ ಕಪ್ಪಾಗಿ, ಬೆರಳಿಗೆ ಹಿಡಿಯುತ್ತದೆ. ಸುಟ್ಟು ಪರೀಕ್ಷಿಸಬೇಡಿ, ಟೆಫ್ಲಾನಿನ ಹೊಗೆ ವಿಷ. ಒಳಅಳತೆ ಸುಮಾರು 3.2 ಮಿ.ಮೀ. ಇರಬೇಕು. ಆ ಅಳತೆಯ ಡೈ (ತುದಿ ಒತ್ತುವ ಅಚ್ಚು), 10 ಮಿ.ಮೀ. ಕಣ್ಣಿನ ಬ್ಯಾಂಜೋ ತುದಿ ಇವೆರಡೂ ಅವರಲ್ಲಿ ಇದ್ದರೆ ಮಾತು ಮುಂದುವರಿಸಿ. ದಪ್ಪ ಪೈಪಿನ ಡೈಯಲ್ಲಿ ಹೇಗೋ ಒತ್ತಿಕೊಡುತ್ತೇವೆ ಎಂದರೆ ಎದ್ದು ಬನ್ನಿ.

ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ, ರಾಯಚೂರಿನವರಿಗೆ ಸಿಕಂದರಾಬಾದಿನ ರಾಣಿಗಂಜ್ ಹತ್ತಿರ. ಅಳತೆ ಕಳಿಸಿದರೆ ಮಾಡಿ ಕೊರಿಯರಿನಲ್ಲಿ ಕಳಿಸುವವರೂ ಇದ್ದಾರೆ. ಪೈಪಿನ ಮೇಲೆ ಐಎಸ್ 7079, ಎಸ್‌ಎಇ ಜೆ1401 ಅಥವಾ ಎಫ್‌ಎಂವಿಎಸ್‌ಎಸ್ 106 ಎಂಬ ಅಚ್ಚು ಇದೆಯೇ ನೋಡಿ. ಕೊನೆಯದು ಅಮೆರಿಕದ ಮಾನದಂಡ. ಅದರಲ್ಲಿ 1/8 ಇಂಚು ಅಥವಾ ಅದಕ್ಕಿಂತ ಸಣ್ಣ ಪೈಪು 7,000 ಪಿಎಸ್‌ಐ, ಅಂದರೆ ಸುಮಾರು 480 ಬಾರ್ ತಲುಪುವ ಮೊದಲು ಒಡೆಯುವಂತಿಲ್ಲ. ಹಳೆಯ ದಾಸ್ತಾನಿನ ಕಂಪನಿ ಪೈಪು ಸಿಕ್ಕರೆ ಖುಷಿಪಡುವ ಮೊದಲು ಅದರ ಮೇಲಿನ ತಯಾರಿಕೆಯ ದಿನಾಂಕ ಓದಿ. ಪೊಟ್ಟಣ ಒಡೆಯದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ.

ಕ್ರಿಂಪ್ ಇಲ್ಲದೆ ಮನೆಯಲ್ಲೇ ಜೋಡಿಸುವ, ಹಿತ್ತಾಳೆಯ ಆಲಿವ್ (ಸೋರದಂತೆ ಕಚ್ಚಿ ಹಿಡಿಯುವ ಸಣ್ಣ ಉಂಗುರ) ಇರುವ ಕಿಟ್ಟುಗಳೂ ಬರುತ್ತವೆ. ಸೂಕ್ಷ್ಮ ಕೆಲಸ ಮಾಡುವ ಕೈಗೆ ಅವು ಒಳ್ಳೆಯವೇ. ಕತ್ತರಿಸುವ ಜಾಗಕ್ಕೆ ಟೇಪು ಬಿಗಿಯಾಗಿ ಸುತ್ತಿ, ಇಂಚಿಗೆ 32 ಹಲ್ಲಿನ ಹ್ಯಾಕ್ಸಾದಲ್ಲಿ ನೇರ ಕತ್ತರಿಸಿ, ಪುಡಿಯನ್ನು ಊದಿ ತೆಗೆಯಿರಿ. ಮೊದಲು ನಟ್ಟನ್ನು ಪೈಪಿಗೆ ಏರಿಸಿ. ಹೆಣಿಗೆಯ ತಂತಿಯನ್ನು ಹೊರಕ್ಕೆ ಅರಳಿಸಿ, ಆಲಿವನ್ನು ತಂತಿಯ ಒಳಗೆ, ಟೆಫ್ಲಾನಿನ ಮೇಲೆ ಕೂರಿಸಿ; ಟೆಫ್ಲಾನಿನ ಅಂಚು ಆಲಿವಿನ ಮೆಟ್ಟಿಲಿಗೆ ಪೂರ್ತಿ ತಗುಲಬೇಕು. ಕೂದಲೆಳೆಯಷ್ಟು ತಂತಿ ಆಲಿವಿಗೂ ಟೆಫ್ಲಾನಿಗೂ ನಡುವೆ ಸಿಕ್ಕರೂ ಸೋರುತ್ತದೆ. ಬಿಚ್ಚಿ ಮತ್ತೆ ಜೋಡಿಸಿದರೆ ಪ್ರತಿ ಸಲ ಹೊಸ ಆಲಿವ್ ಬೇಕು.

ಅಳತೆ

ತಪ್ಪು ಹೆಚ್ಚು ಆಗುವುದು ಇಲ್ಲಿ. ಹಳೆಯ ಪೈಪಿನ ಉದ್ದವನ್ನೇ ಬರೆದು ಕಳಿಸಿದರೆ, ಎತ್ತರದ ಹ್ಯಾಂಡಲ್ ಹಾಕಿದ ಗಾಡಿಗೆ ಅದು ಗಿಡ್ಡವಾಗುತ್ತದೆ. ಹಳೆಯ ಕ್ಲಚ್ ಕೇಬಲಿನ ಹೊರಕವಚವನ್ನು ಮಾದರಿಯಾಗಿ ಬಳಸಿ. ದಾರದಂತೆ ಜೋಲುಬೀಳದೆ, ನಿಜವಾದ ಪೈಪಿನಂತೆಯೇ ಬಾಗುತ್ತದೆ. ಮುಂದಿನ ಚಕ್ರ ನೆಲ ಬಿಟ್ಟು ಫೋರ್ಕ್ ಪೂರ್ತಿ ಚಾಚಿರಲಿ. ಪೈಪು ಹೋಗಬೇಕಾದ ದಾರಿಯಲ್ಲೇ, ಕ್ಲಿಪ್ಪುಗಳ ಮೂಲಕವೇ ಮಾದರಿಯನ್ನು ಹಾಯಿಸಿ, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಕೊನೆಯವರೆಗೆ ತಿರುಗಿಸಿ. ಎಳೆತ ಹೆಚ್ಚು ಬೀಳುವ ಸ್ಥಿತಿಯಲ್ಲೂ 15 ಮಿ.ಮೀ.ನಷ್ಟು ಸಡಿಲ ಉಳಿಯಬೇಕು. ಆಮೇಲೆ ಚಕ್ರ ಇಳಿಸಿ ಫೋರ್ಕನ್ನು ಒತ್ತಿ, ಉಳಿದ ಉದ್ದ ಟೈರಿಗೋ ಡಿಸ್ಕಿಗೋ ತಗುಲುತ್ತದೆಯೇ ನೋಡಿ. ಎಲ್ಲಿಯೂ 40 ಮಿ.ಮೀ.ಗಿಂತ ಸಣ್ಣ ತ್ರಿಜ್ಯದಲ್ಲಿ ಬಾಗಬಾರದು. ಉದ್ದವನ್ನು ಅಳೆಯುವುದು ಒಂದು ಬ್ಯಾಂಜೋ ಕಣ್ಣಿನ ನಡುವಿನಿಂದ ಇನ್ನೊಂದರ ನಡುವಿಗೆ.

ಉದ್ದದಷ್ಟೇ ಮುಖ್ಯ ತುದಿಗಳ ಕೋನ: ನೇರವೋ, 20, 30, 45 ಅಥವಾ 90 ಡಿಗ್ರಿ ಬಾಗಿದ್ದೋ ಎಂದು ಎರಡೂ ತುದಿಗೆ ಬೇರೆ ಬೇರೆ ಬರೆಯಿರಿ. ಎಲ್ಲರೂ ಮರೆಯುವುದು ಎರಡು ಕಣ್ಣುಗಳ ನಡುವಿನ ತಿರುಚು. ಕ್ರಿಂಪ್ ಮಾಡಿದ ತುದಿ ಆಮೇಲೆ ತಿರುಗುವುದಿಲ್ಲ. ಮಾದರಿ ಕೂತಿರುವಾಗಲೇ ಅದರ ಉದ್ದಕ್ಕೂ ಒಂದೇ ಬದಿಗೆ ಮಾರ್ಕರಿನಲ್ಲಿ ಗೆರೆ ಎಳೆದು, ಎರಡೂ ತುದಿಯಲ್ಲಿ ಕಣ್ಣಿನ ಮುಖ ಎತ್ತ ನೋಡಬೇಕೆಂದು ಗುರುತು ಹಾಕಿ. ಬಿಚ್ಚಿ ಮೇಜಿನ ಮೇಲೆ ಗೆರೆ ನೇರವಾಗುವಂತೆ ಇಟ್ಟರೆ ತಿರುಚಿನ ಕೋನ ಕಾಣುತ್ತದೆ. ಫೋಟೊ ತೆಗೆದು ಅದನ್ನೂ ಕಳಿಸಿ. ತಿರುಚಿದಂತೆ ಕೂರಿಸಿದ ಪೈಪು ಪ್ರತಿ ಸಲ ಒತ್ತಡ ಬಿದ್ದಾಗ ಬಿಚ್ಚಿಕೊಳ್ಳಲು ನೋಡುತ್ತದೆ, ಬ್ಯಾಂಜೋ ಬೋಲ್ಟಿನ ಹಿಡಿತ ಸಡಿಲವಾಗುತ್ತದೆ.

ಹೆಣಿಗೆಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವುದನ್ನೇ ಕೇಳಿ. ಬಳ್ಳಾರಿ, ಸಂಡೂರಿನ ಅದಿರು ಹೆಮಟೈಟ್, ಗಡಸುತನದ ಮೋಸ್ ಅಳತೆಯಲ್ಲಿ 5.5ರಿಂದ 6.5. ಬರಿಯ ತಂತಿಯ ಸಂದುಗಳಲ್ಲಿ ಆ ಧೂಳು ಸೇರಿದರೆ ಪೈಪು ಅರದಂತೆ ಫೋರ್ಕನ್ನೂ ಮಡ್‌ಗಾರ್ಡನ್ನೂ ಉಜ್ಜುತ್ತದೆ, ತಂತಿಯೂ ಸವೆಯುತ್ತದೆ.

ಕೂರಿಸುವುದು, ಗಾಳಿ ತೆಗೆಯುವುದು

ಮೊದಲು ಎರಡೂ ಬೋಲ್ಟುಗಳನ್ನು ಬೆರಳಿನಲ್ಲಿ ಕೂರಿಸಿ, ಪೈಪಿನ ದಾರಿ ಸರಿಮಾಡಿ, ಆಮೇಲೆ ಬಿಗಿಮಾಡಿ. ಸ್ಟೀಲ್ ಬೋಲ್ಟಿಗೆ ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರ್. ಗಾಡಿಯ ಕೈಪಿಡಿ ಬೇರೆ ಹೇಳಿದ್ದರೆ ಅದೇ ಸರಿ. ಬಣ್ಣಬಣ್ಣದ ಅಲ್ಯೂಮಿನಿಯಂ ಬ್ಯಾಂಜೋ ಬೋಲ್ಟ್ ಈ ಬಿಗಿತ ತಡೆಯುವುದಿಲ್ಲ, ಅಂದಕ್ಕೆಂದು ಹಾಕಬೇಡಿ. ಬಿಗಿಮಾಡುವಾಗ ತುದಿ ಬೋಲ್ಟಿನ ಜೊತೆ ತಿರುಗದಂತೆ ಕೈಯಲ್ಲಿ ಹಿಡಿದಿರಿ.

ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವುದೇ ಆಗಬೇಕು, ಹೆಚ್ಚಿನವುಗಳಲ್ಲಿ ಡಾಟ್ 3 ಅಥವಾ ಡಾಟ್ 4. ಡಾಟ್ 4ರ ಕನಿಷ್ಠ ಕುದಿಬಿಂದು ಹೊಸದಿದ್ದಾಗ 230 ಡಿಗ್ರಿ, ತೇವ ಹೀರಿದ ಮೇಲೆ 155. ಆದ್ದರಿಂದ ಸೀಲ್ ಒಡೆಯದ 250 ಮಿ.ಲೀ. ಬಾಟಲಿ ತನ್ನಿ, ಹಿಂದಿನ ವರ್ಷ ತೆರೆದಿಟ್ಟದ್ದು ಬೇಡ. ಸಿಲಿಕೋನಿನ ಡಾಟ್ 5 ಇವುಗಳ ಜೊತೆ ಬೆರೆಯುವುದಿಲ್ಲ.

ಖಾಲಿ ಪೈಪನ್ನು ಮೇಲಿನಿಂದ ತುಂಬಿಸಲು ಹೋದರೆ ಬಹಳ ಹೊತ್ತು ಹಿಡಿಯುತ್ತದೆ. ಔಷಧಿ ಅಂಗಡಿಯ 50 ಮಿ.ಲೀ. ಸಿರಿಂಜಿಗೆ ಪಾರದರ್ಶಕ ಕೊಳವೆ ಹಾಕಿ, ಕ್ಯಾಲಿಪರಿನ ನಿಪ್ಪಲಿನಿಂದ ಆಯಿಲನ್ನು ನಿಧಾನವಾಗಿ ಮೇಲಕ್ಕೆ ಒತ್ತಿ. ಗುಳ್ಳೆ ಹೇಗೂ ಮೇಲಕ್ಕೇ ಹೋಗುವುದು. ಡಬ್ಬಿ ತುಂಬಿ ಹರಿಯದಂತೆ ನೋಡಿಕೊಂಡು, ಹೆಚ್ಚಾದದ್ದನ್ನು ಹೀರಿ ತೆಗೆಯಿರಿ. ಆಮೇಲೆ ಎಂದಿನಂತೆ ಹಿಂಡಿ, ನಿಪ್ಪಲ್ ತೆರೆದು, ಮುಚ್ಚಿ, ಲಿವರ್ ಬಿಡುವ ಕ್ರಮ. ಇಷ್ಟಾದರೂ ಮೆತ್ತಗಿದ್ದರೆ ಗಾಳಿ ಮೇಲಿನ ಬ್ಯಾಂಜೋ ಕಣ್ಣಿನಲ್ಲಿ ನಿಂತಿರುತ್ತದೆ, ವ್ಯವಸ್ಥೆಯಲ್ಲಿ ಅತಿ ಎತ್ತರದ ಜಾಗ ಅದೇ. ಲಿವರ್ ಹಿಂಡಿ ಹಿಡಿದು ಮೇಲಿನ ಬೋಲ್ಟನ್ನು ಕ್ಷಣಮಾತ್ರ ಸಡಿಲಿಸಿ, ನೊರೆ ಹೊರಬಂದ ಕೂಡಲೇ ಬಿಗಿಮಾಡಿ. ಬಣ್ಣದ ಮೇಲೆ ಬಿದ್ದ ಆಯಿಲನ್ನು ತಕ್ಷಣ ನೀರಿನಲ್ಲಿ ತೊಳೆಯಿರಿ.

ಲಿವರನ್ನು ಬಲವಾಗಿ ಹಿಂಡಿ, ಹ್ಯಾಂಡಲಿಗೆ ಪಟ್ಟಿಯಿಂದ ಕಟ್ಟಿ, ಎರಡೂ ತುದಿಗೆ ಬಿಳಿ ಟಿಶ್ಯೂ ಸುತ್ತಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಾಗದ ಒಣಗಿದ್ದು ಲಿವರ್ ಕಟ್ಟಿದಲ್ಲೇ ನಿಂತಿದ್ದರೆ ಪಟ್ಟಿ ಬಿಚ್ಚಿ, ಚಕ್ರ ಸರಾಗವಾಗಿ ತಿರುಗುವುದನ್ನು ನೋಡಿ, ಖಾಲಿ ಮೈದಾನದಲ್ಲಿ ನಡಿಗೆಯ ವೇಗದಿಂದ ಶುರುಮಾಡಿ ಬ್ರೇಕ್ ಹಿಡಿದು ನೋಡಿ. ಮೊದಲ 100 ಕಿ.ಮೀ. ಆದ ಮೇಲೆ ಎರಡೂ ಬೋಲ್ಟುಗಳ ಬಿಗಿತ, ಧೂಳು ಅಂಟಿದ ಗುರುತು, ಹ್ಯಾಂಡಲ್ ಎರಡೂ ಕಡೆ ತಿರುಗಿಸಿದಾಗ ಪೈಪು ಉಜ್ಜುವ ಜಾಗ ಇವಿಷ್ಟನ್ನು ಮತ್ತೆ ನೋಡಿ. ಉಜ್ಜಿದ ಗುರುತು ಕಂಡಲ್ಲಿ ಪೈಪಿಗೆ ಟೇಪು ಸುತ್ತಿ ಸುಮ್ಮನಾಗಬೇಡಿ. ಕ್ಲಿಪ್ಪಿನ ಜಾಗ ಬದಲಿಸಿ.